ಗರಗಸ ಯಂತ್ರ ಏಕೆ ಚಾಲು ಆಗುವುದಿಲ್ಲ? – ದಹನದ ಪಾಠಕ್ಕೆ ಒಂದು ಸ್ಥಳೀಯ ಸಂಪನ್ಮೂಲ

ಎಂಟನೆಯ ತರಗತಿಯಲ್ಲಿ ದಹನದ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮೇಣದಬತ್ತಿ ಹಚ್ಚಿ, ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಜ್ವಾಲೆ ಆರುವುದನ್ನು ತೋರಿಸುತ್ತಾರೆ. ಪ್ರಯೋಗ ಒಳ್ಳೆಯದೇ. ಆದರೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಉಳಿಯುವುದು ಒಂದೇ ವಾಕ್ಯ: ದಹನಕ್ಕೆ ಇಂಧನ, ಗಾಳಿ ಮತ್ತು ಜ್ವಲನ ತಾಪ ಬೇಕು. ಈ ವಾಕ್ಯವನ್ನೇ ಹಿಡಿದು ಕೆಟ್ಟು ನಿಂತ ಯಂತ್ರವೊಂದರ ದೋಷ ಹುಡುಕಬಹುದು ಎಂಬುದನ್ನು ನಾವು ಕಲಿಸುವುದಿಲ್ಲ. ಅದಕ್ಕೆ ಬೇಕಾದ ಸಾಧನ ನಮ್ಮ ಜಿಲ್ಲೆಯಲ್ಲೇ ಇದೆ. ಅದು ಪೆಟ್ರೋಲಿನಿಂದ ನಡೆಯುವ ಮರ ಕೊಯ್ಯುವ ಯಂತ್ರ, ಅಂದರೆ ಚೈನ್ ಸಾ.

ಈ ಯಂತ್ರವೇ ಏಕೆ?

ಮಾನ್ವಿ, ದೇವದುರ್ಗದ ಕಡೆ ಪಾಠ ವೀಕ್ಷಣೆಗೆ ಹೋಗುವಾಗ ಹಳ್ಳದ ದಂಡೆ, ಕೆರೆಯಂಗಳ, ಕಾಲುವೆ ಬದಿ, ಬೀಳು ಭೂಮಿ ಎಲ್ಲೆಡೆ ನಾನು ಕಾಣುವ ಗಿಡ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಮೂಲದ ಈ ಗಿಡ 19ನೆಯ ಶತಮಾನದಲ್ಲಿ ಭಾರತಕ್ಕೆ ಬಂತು. ಗಟ್ಟಿ ಕಟ್ಟಿಗೆ, ತುಂಬಾ ಮುಳ್ಳು. ಸೌದೆಗೆ, ಇದ್ದಿಲಿಗೆ, ಹೊಲ ಹಸನು ಮಾಡಲು ಇದನ್ನು ಕಡಿಯುತ್ತಾರೆ. ಕೊಡಲಿಯ ಜಾಗಕ್ಕೆ ಯಂತ್ರ ಬರುತ್ತಿದೆ. ಮಕ್ಕಳು ಅದರ ಸದ್ದನ್ನು ದೂರದಿಂದಲೇ ಗುರುತಿಸುತ್ತಾರೆ. ಹಗ್ಗ ಹೇಗೆ ಎಳೆಯಬೇಕೆಂದು ಕೈಯಾಡಿಸಿ ತೋರಿಸುತ್ತಾರೆ. ಹಗ್ಗ ಎಳೆದಾಗ ಒಳಗೆ ಏನಾಗುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಪಾಠ ಆರಂಭವಾಗಬೇಕಾದದ್ದು ಅಲ್ಲಿಂದಲೇ.

ರಾಯಚೂರು ನಗರದ ಶಾಲೆಯಲ್ಲಿ ಪಾಠ ಮಾಡುವವರು ಹತ್ತಿಗೆ ಔಷಧ ಹೊಡೆಯುವ ಪೆಟ್ರೋಲ್ ಸ್ಪ್ರೇ ಪಂಪನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಂಥ ಅನೇಕ ಪಂಪುಗಳಲ್ಲಿ ಇರುವುದೂ ಇದೇ ಬಗೆಯ ಟೂ-ಸ್ಟ್ರೋಕ್ ಎಂಜಿನ್.

ಮೊದಲು ಎಚ್ಚರಿಕೆ

ಇದು ಯಂತ್ರ ನಡೆಸುವುದನ್ನು ಕಲಿಸುವ ಪಾಠವಲ್ಲ. ತರಗತಿಗೆ ಚಾಲು ಇರುವ ಯಂತ್ರವಾಗಲಿ ಪೆಟ್ರೋಲಾಗಲಿ ಬರಕೂಡದು. ರಿಪೇರಿ ಅಂಗಡಿಯಲ್ಲಿ ಕೇಳಿ ತಂದ ಹಳೆಯ ಪ್ಲಗ್ಗುಗಳು, ಧೂಳು ಹಿಡಿದ ಏರ್ ಫಿಲ್ಟರ್, ಸವೆದ ಚೈನಿನ ತುಂಡು ಇಷ್ಟಿದ್ದರೆ ಸಾಕು. ಚೈನಿನ ತುಂಡು ಶಿಕ್ಷಕರ ಕೈಯಲ್ಲೇ ಇರಲಿ.

ಮೂರು ಪ್ರಶ್ನೆಗಳು

ಯಂತ್ರ ಚಾಲು ಆಗುತ್ತಿಲ್ಲ. ಗುಂಡಿ ಆನ್ ಆಗಿದೆಯೇ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂದು ನೋಡಿದ ಮೇಲೆ ಕಪ್ಪು ಹಲಗೆಯ ಮೇಲೆ ಮೂರು ಪದ ಬರೆಯಿರಿ: ಇಂಧನ, ಗಾಳಿ, ಕಿಡಿ. ಇವುಗಳಲ್ಲಿ ಯಾವುದು ಇಲ್ಲ?

ಉತ್ತರದ ಸುಳಿವು ಪ್ಲಗ್ಗಿನಲ್ಲಿದೆ. ಹಲವು ಸಲ ಹಗ್ಗ ಎಳೆದ ಮೇಲೂ ಬಿಚ್ಚಿದ ಪ್ಲಗ್ ಒಣಗಿದ್ದರೆ ಇಂಧನ ಸಿಲಿಂಡರಿಗೆ ತಲುಪಿಲ್ಲ. ಟ್ಯಾಂಕಿನೊಳಗಿನ ಫಿಲ್ಟರ್, ಪೈಪು, ಕಾರ್ಬೊರೇಟರ್ ನೋಡಬೇಕು. ಪ್ಲಗ್ ಒದ್ದೆಯಾಗಿದ್ದರೆ ಇಂಧನ ಬಂದಿದೆ, ಹತ್ತಿಲ್ಲ. ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಹೆಚ್ಚಾಗಿ ತುಂಬಿಕೊಂಡಿದೆ. ಪ್ಲಗ್ಗಿನ ಮೇಲೆ ಕಪ್ಪು ಮಸಿ ದಪ್ಪನಾಗಿ ಕಟ್ಟಿದ್ದರೆ ಗಾಳಿ ಸಾಲುತ್ತಿಲ್ಲ ಅಥವಾ ಆಯಿಲ್ ಹೆಚ್ಚಾಗಿದೆ. ಏರ್ ಫಿಲ್ಟರ್ ತೆಗೆದು ನೋಡಬೇಕು. ಬೇಸಿಗೆಯ ಧೂಳಿನಲ್ಲಿ ಕೆಲಸ ಮಾಡುವ ಯಂತ್ರದ ಏರ್ ಫಿಲ್ಟರನ್ನು ದಿನವೂ ಸ್ವಚ್ಛಮಾಡಬೇಕಾಗುತ್ತದೆ.

ಇನ್ನೊಂದು ಸಮಸ್ಯೆ ಕೊಡಿ: ಯಂತ್ರ ಚಾಲು ಆಗುತ್ತದೆ, ಐದು ನಿಮಿಷಕ್ಕೆ ನಿಲ್ಲುತ್ತದೆ, ಟ್ಯಾಂಕಿನ ಮುಚ್ಚಳ ತೆಗೆದು ಹಾಕಿದರೆ ಮತ್ತೆ ನಡೆಯುತ್ತದೆ. ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಕಿಂಡಿ ಕಟ್ಟಿಕೊಂಡಿದೆ. ಪೆಟ್ರೋಲ್ ಕಡಿಮೆಯಾದಂತೆ ಒಳಗಿನ ಒತ್ತಡ ಇಳಿದು ಹರಿವು ನಿಲ್ಲುತ್ತದೆ. ವಾಯು ಒತ್ತಡದ ಪಾಠ ಇಲ್ಲಿ ತಾನಾಗಿಯೇ ಬಂದು ಕೂಡುತ್ತದೆ.

ಒಂದು ನಿಯಮವನ್ನು ಮಕ್ಕಳಿಂದ ಮತ್ತೆ ಮತ್ತೆ ಹೇಳಿಸಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ಫಿಲ್ಟರ್, ಪೆಟ್ರೋಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ಚಾಲು ಆದೀತು, ಆದರೆ ದೋಷ ಯಾವುದೆಂದು ತಿಳಿಯದು.

ಇಂಧನದ ಲೆಕ್ಕ

ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ 2ಟಿ ಆಯಿಲ್ ಬೆರೆಸಬೇಕು. ಒಳಭಾಗಗಳಿಗೆ ಅದೇ ಕೀಲೆಣ್ಣೆ. ಬೆರೆಸದಿದ್ದರೆ ಪಿಸ್ಟನ್ ಬಿಸಿಯಾಗಿ ಎಂಜಿನ್ ಸೀಜ್ ಆಗುತ್ತದೆ. ಪ್ರಮಾಣ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ.; 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಯಾವುದು ಸರಿ ಎಂಬುದನ್ನು ಯಂತ್ರದ ಕೈಪಿಡಿ ಹೇಳುತ್ತದೆ. 5 ಲೀಟರಿಗೆ ಎಷ್ಟು ಎಂಬ ಪ್ರಶ್ನೆಯನ್ನು ಗಣಿತದ ಪ್ರಶಿಕ್ಷಣಾರ್ಥಿಗಳು ಅನುಪಾತದ ಪಾಠಕ್ಕೆ ಒಯ್ಯಬಹುದು.

ಪುಡಿ ಹೇಳುವ ಮಾತು

ಎರಡು ಪೊಟ್ಟಣಗಳಲ್ಲಿ ಕಟ್ಟಿಗೆಯ ಪುಡಿ ತನ್ನಿ: ಒಂದರಲ್ಲಿ ಚಕ್ಕೆ ಚಕ್ಕೆಯಾದದ್ದು, ಇನ್ನೊಂದರಲ್ಲಿ ಹಿಟ್ಟಿನಂತೆ ನುಣ್ಣಗಾದದ್ದು. ಹರಿತವಾದ ಚೈನು ಚಕ್ಕೆ ಉದುರಿಸುತ್ತದೆ. ಮೊಂಡಾದ ಚೈನು ಕಟ್ಟಿಗೆಯನ್ನು ಉಜ್ಜಿ ಹಿಟ್ಟು ಮಾಡುತ್ತದೆ, ಹೊಗೆಯನ್ನೂ ಎಬ್ಬಿಸುತ್ತದೆ. ಘರ್ಷಣೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಚೈನು ಒಂದು ಸಲ ನೆಲದ ಮಣ್ಣಿಗೆ ತಾಗಿದರೂ ಸಾಕು, ಮೊಂಡಾಗುತ್ತದೆ. ಆಗ ಚೈನಿಗೆ ಹೊಂದುವ ಅಳತೆಯ ದುಂಡನೆಯ ಅರದಿಂದ ಪ್ರತಿ ಹಲ್ಲನ್ನೂ ಒಂದೇ ಕೋನದಲ್ಲಿ, ಒಂದೇ ದಿಕ್ಕಿಗೆ ತೀಡಬೇಕು. ಚೈನಿನ ಎಣ್ಣೆಗೆ ಬೇರೆ ಟ್ಯಾಂಕು ಇರುತ್ತದೆ. ಅದು ಖಾಲಿಯಾದರೆ ಚೈನೂ ಅದು ಓಡುವ ಪಟ್ಟಿಯೂ ಬೇಗ ಸವೆಯುತ್ತವೆ.

ಇದು ಉಳಿತಾಯದ ಮಾತಷ್ಟೇ ಅಲ್ಲ. ಚೈನು ಮೊಂಡಾದಾಗ ಕೆಲಸಗಾರ ಯಂತ್ರವನ್ನು ಒತ್ತಿ ಹಿಡಿಯುತ್ತಾನೆ, ಬೇಗ ದಣಿಯುತ್ತಾನೆ. ಪಟ್ಟಿಯ ತುದಿಯ ಮೇಲ್ಭಾಗ ಕಟ್ಟಿಗೆಗೆ ತಾಗಿದರೆ ಯಂತ್ರ ಒಮ್ಮೆಲೇ ಅವನ ಮುಖದ ಕಡೆಗೆ ಹಿಮ್ಮೆಟ್ಟಿ ಚಿಮ್ಮುತ್ತದೆ. ನಮ್ಮ ಮಕ್ಕಳ ಮನೆಗಳಲ್ಲಿ ಈ ಕೆಲಸ ಮಾಡುವ ಅಪ್ಪ, ಕಾಕಾ, ಅಣ್ಣಂದಿರಿದ್ದಾರೆ. ಪುಡಿ ನೋಡಿ ಚೈನು ಮೊಂಡಾಗಿದೆ ಎಂದು ಹೇಳಬಲ್ಲ ಹುಡುಗಿಯ ಮಾತು ಆ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಎತ್ತಿಡುವಾಗ

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲವಿಡೀ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್ ಕೆಟ್ಟು, ಕಾರ್ಬೊರೇಟರಿನಲ್ಲಿ ಅಂಟು ಕಟ್ಟುತ್ತದೆ. ಆದ್ದರಿಂದ ತಿಂಗಳಿಗಿಂತ ಹೆಚ್ಚು ಎತ್ತಿಡುವುದಾದರೆ ಟ್ಯಾಂಕು ಖಾಲಿ ಮಾಡಿ, ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಬೇಕು. ಅದು ತಣ್ಣಗಾದ ಮೇಲೆ ಚೈನು ಮತ್ತು ಪಟ್ಟಿ ಬಿಚ್ಚಿ, ಪಟ್ಟಿಯ ಗಾಡಿಯಲ್ಲಿ ತುಂಬಿದ ಪುಡಿ ಕೆರೆದು, ಎಣ್ಣೆ ಸವರಬೇಕು. ಒಲೆಯಿಂದ ದೂರ, ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಮೌಲ್ಯಮಾಪನ ಹೇಗೆ?

ಬಿಡಿಭಾಗಗಳ ಹೆಸರು ಬರೆಸಬೇಡಿ. ಒಂದು ಲಕ್ಷಣ ಕೊಟ್ಟು, ಮೊದಲು ಏನನ್ನು ಪರೀಕ್ಷಿಸುತ್ತೀರಿ, ಏಕೆ, ಅದು ಸರಿಯಿದ್ದರೆ ಮುಂದೇನು ಎಂದು ಕೇಳಿ. ಅಂಕವನ್ನು ಉತ್ತರಕ್ಕಿಂತ ಹೆಚ್ಚಾಗಿ ಕ್ರಮಕ್ಕೆ ಕೊಡಿ. ವೀಕ್ಷಕರಾದ ನಾವೂ ಪಾಠೋಪಕರಣಗಳ ಸಂಖ್ಯೆ ಎಣಿಸುವುದರ ಬದಲು, ಮಕ್ಕಳು ಎಷ್ಟು ಸಲ "ಏಕೆಂದರೆ" ಎಂದರು ಎಂಬುದನ್ನು ವೀಕ್ಷಣಾ ಪುಸ್ತಕದಲ್ಲಿ ಗುರುತಿಸೋಣ.