ಬೂಷ್ಟು ಹಿಡಿದ ಕಾಳೂ ಕೋಳಿಯೂ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಸಾಗಿದಂತೆಲ್ಲ ಮಳೆ ಹೆಚ್ಚುತ್ತದೆ, ಕಾಡು ದಟ್ಟವಾಗುತ್ತದೆ. ಆ ತೇವವೇ ಮಳೆಗಾಲದಲ್ಲಿ ಗೋವಿನಜೋಳಕ್ಕೂ ಶೇಂಗಾ ಹಿಂಡಿಗೂ ಹಗೆ. ಬೂಷ್ಟು ಹತ್ತಿದ ಕಾಳನ್ನು ಮನುಷ್ಯರು ಉಣ್ಣರು. ಕೋಳಿಗಾದರೂ ಆಗಲೆಂದು ಅಂಗಳಕ್ಕೆ ಚೆಲ್ಲುವರು. ಈ ಮಿತವ್ಯಯವು ಎಷ್ಟು ದುಬಾರಿಯೆಂಬುದನ್ನು 1960ರಲ್ಲಿ ಇಂಗ್ಲೆಂಡು ಕಂಡಿತು. ಅಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿಕೋಳಿಗಳು ಸತ್ತುವು. ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ವಿಷವನ್ನು ಬಿಟ್ಟಿದ್ದಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. 1966ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿಯೇ ಎರಡು ಸಾವಿರಕ್ಕೂ ಮಿಕ್ಕು ಕೋಳಿಮರಿಗಳು ಅದಕ್ಕೆ ಬಲಿಯಾದುವು.

ಕಾಳನ್ನು ಬಿಸಿಲಿಗೆ ಹರವಿ, ಉಜ್ಜಿ ಕೊಟ್ಟರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಬೂಷ್ಟು ಸತ್ತರೂ ವಿಷವೆಲ್ಲ ಹೋಗದು, ಕುದಿಸಿದರೂ ಅಷ್ಟೆ. ತಿಂದ ಕೋಳಿ ಕೂಡಲೆ ಸಾಯದಿರಬಹುದು. ಅದರ ಯಕೃತ್ತು ಕೆಡುತ್ತದೆ, ಮೊಟ್ಟೆ ಕಡಮೆಯಾಗುತ್ತದೆ, ರೋಗವನ್ನೆದುರಿಸುವ ಶಕ್ತಿ ಕುಗ್ಗಿ ಲಸಿಕೆಯೂ ಸರಿಯಾಗಿ ಫಲಿಸದು. ಒಡೆಯನು ಲಸಿಕೆಯನ್ನೇ ದೂರುತ್ತಾನೆ!

ಆದುದರಿಂದ ಎಚ್ಚರವೆಲ್ಲ ಬೂಷ್ಟು ಹುಟ್ಟುವ ಮೊದಲೇ ಬೇಕು. ಗೋವಿನಜೋಳದ ತೇವವು ನೂರಕ್ಕೆ 13ಕ್ಕಿಂತ ಕೆಳಗಿಳಿಯುವಂತೆ ಒಣಗಿಸಿ, ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಒಟ್ಟಬೇಕು. ಮೇವಿನಲ್ಲಿ ಬೆಂಟೊನೈಟ್ ಜೇಡಿಯನ್ನು ಬೆರೆಸಿದರೆ ಅದು ವಿಷದ ಒಂದು ಪಾಲನ್ನು ಕರುಳಿನಲ್ಲಿ ಹಿಡಿದಿಡುವುದುಂಟು. ಕೆಟ್ಟ ಚೀಲವನ್ನು ಮಾತ್ರ ತಿಪ್ಪೆಗೂ ಹಾಕಬಾರದು, ಕೋಳಿ ಅಲ್ಲಿಯೂ ಕೆದಕುತ್ತದೆ; ಆಳವಾಗಿ ಹೂಳಬೇಕು.