ಅಜ್ಜಿಯ ಹಾಡನ್ನು ಎಂ.ಎ.ಗೆ ಓದಬಹುದೆ?

ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆಕೆ ಯಾರಿಗೂ ಕಥೆ ಹೇಳಲಿಲ್ಲ, ಹಾಡನ್ನೂ ಹಾಡಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಒಂದು ದಿನ ಹೊರಬಿದ್ದು, ಕಥೆ ಜೋಡಾಯಿತು, ಹಾಡು ಅಂಗಿಯಾಯಿತು. ಮನೆಯಲ್ಲಿ ಪರಪುರುಷನ ಜೋಡು, ಅಂಗಿ ಕಂಡ ಗಂಡ ಜಗಳ ತೆಗೆದ. ಈ ಕನ್ನಡ ಜನಪದ ಕಥೆಯನ್ನು ಇಂಗ್ಲಿಷಿನ ಮೂಲಕ ಹೊರಜಗತ್ತಿಗೆ ತಲುಪಿಸಿದವರು ಎ.ಕೆ. ರಾಮಾನುಜನ್. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದಾಗ ಇಂಥ ಕಥೆಗಳನ್ನು ಸಂಗ್ರಹಿಸಿದ ಅವರು ಮುಂದೆ ಷಿಕಾಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಬೊಮ್ರಾಸಪೇಟ್ ಸುತ್ತಿನ ಮನೆಗಳಲ್ಲಿಯೂ ಹೇಳದೆ ಉಳಿದ ಕಥೆಗಳಿವೆ. ಕೊಡಂಗಲ್, ತಾಂಡೂರು ತಾಲೂಕುಗಳು 1956ರವರೆಗೆ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ಗಡಿ ಸರಿದರೂ ಬೀಸುಕಲ್ಲಿನ ಪದ, ಸೋಬಾನೆ, ತತ್ತ್ವಪದ, ಮೊಹರಂ ಪದಗಳು ಸರಿಯಲಿಲ್ಲ. ಇವನ್ನು ಓದಿ ಪದವಿ ಪಡೆಯಬಹುದೆಂದರೆ ಪಾಲಕರು ಮೊದಲು ಕೇಳುವುದು, ‘ಅದರಿಂದ ಹೊಟ್ಟೆ ತುಂಬುತ್ತದೆಯೆ?’ ಎಂದು. ನ್ಯಾಯವಾದ ಪ್ರಶ್ನೆಯೇ.

ಓದಲು ದೂರ ಹೋಗಬೇಕಿಲ್ಲ. ತಾಂಡೂರಿನಲ್ಲಿ ರೈಲು ಹತ್ತಿದರೆ ಸೇಡಂ, ಚಿತ್ತಾಪುರ, ವಾಡಿ ದಾಟಿ ಕಲಬುರಗಿ. ಅಲ್ಲಿಂದ ಆಳಂದ ದಾರಿಯ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದ್ದು, ಜಾನಪದ ಮತ್ತು ಬುಡಕಟ್ಟು ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ತೆಲುಗಿನಲ್ಲಿ ಓದಬಲ್ಲವರಿಗೆ ವರಂಗಲ್ಲಿನಲ್ಲಿ ತೆಲುಗು ವಿಶ್ವವಿದ್ಯಾಲಯದ ಜಾನಪದ ಗಿರಿಜನ ವಿಜ್ಞಾನ ಪೀಠವುಂಟು. ಗಡಿನಾಡ ಕನ್ನಡಿಗರಿಗೆ ಪ್ರವೇಶದಲ್ಲಿ ಏನಾದರೂ ಅವಕಾಶವಿದೆಯೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ವಿಚಾರಿಸುವುದು ಲೇಸು.

ಇನ್ನು ಉದ್ಯೋಗ. ಜಾನಪದ ವಿಭಾಗಗಳು ಕಡಿಮೆ. ಆದ್ದರಿಂದ ಬೋಧಕ ಹುದ್ದೆಗಳೂ ಕಡಿಮೆ. ಕಾಲೇಜಿನ ಕನ್ನಡ ಉಪನ್ಯಾಸಕ ಹುದ್ದೆಗೆ ಸಾಮಾನ್ಯವಾಗಿ ಕನ್ನಡ ಎಂ.ಎ. ಕೇಳುತ್ತಾರೆ, ಜಾನಪದ ಎಂ.ಎ. ಅಲ್ಲ. ಆದಕಾರಣ ಹಲವರು ಕನ್ನಡದಲ್ಲಿ ಎಂ.ಎ. ಮಾಡಿ, ಸಂಶೋಧನೆಗೆ ಜಾನಪದವನ್ನು ಆರಿಸಿಕೊಳ್ಳುತ್ತಾರೆ. ಸಾಧಾರಣ ಸ್ಥಿತಿಯ ಮನೆಯ ಮಕ್ಕಳಿಗೆ ಈ ದಾರಿಯೇ ಮೇಲೆಂದು ನನ್ನ ಅಭಿಪ್ರಾಯ. ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಸಂಶೋಧನೆ ಮಾಡಿದವರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು, ಜ್ಞಾನಪೀಠ ಪಡೆದರು. ಎಲ್ಲರೂ ಕಂಬಾರರಾಗುವುದಿಲ್ಲ, ಆ ಮಾತು ಬೇರೆ.

ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಜನಪದ ಸಾಹಿತ್ಯವೆಂಬ ಪ್ರತ್ಯೇಕ ವಿಷಯವಿದೆ. ಕಿರಿಯ ಸಂಶೋಧಕ ವೇತನಕ್ಕೆ ಆಯ್ಕೆಯಾಗಿ ಸಂಶೋಧನೆಗೆ ಸೇರಿದರೆ, 2023ರ ಪರಿಷ್ಕರಣೆಯಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಆದರೆ ಆ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಇರುತ್ತದೆ. ಕನ್ನಡ ವಿಷಯದ ಪತ್ರಿಕೆಯಷ್ಟೇ ಕನ್ನಡದಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಓದುವ ರೂಢಿಯನ್ನು ಪದವಿಯ ಹೊತ್ತಿಗೇ ಮಾಡಿಕೊಳ್ಳಬೇಕು. ಬೋಧನೆಯ ಹೊರಗೆ ವಸ್ತುಸಂಗ್ರಹಾಲಯ, ಆಕಾಶವಾಣಿ, ಧ್ವನಿಮುದ್ರಣ ಭಂಡಾರ, ಸಾಕ್ಷ್ಯಚಿತ್ರಗಳ ಕೆಲಸಗಳಿವೆ, ಬಹುಪಾಲು ಗುತ್ತಿಗೆಯವು.

ನಮ್ಮ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವುಂಟು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ ಕೇಳಿ ಬೆಳೆದವರು ಇವರು. ಬತುಕಮ್ಮದ ಹಾಡನ್ನೂ ಸೋಬಾನೆಯನ್ನೂ ಒಂದೇ ಓಣಿಯಲ್ಲಿ ಕೇಳಿದವರಿಗೆ, ಒಂದು ಧಾಟಿ ಭಾಷೆ ಬದಲಿಸಿ ನಡೆದದ್ದು ಕಿವಿಗೇ ತಿಳಿಯುತ್ತದೆ. ಬೆಂಗಳೂರಿನ ವಿದ್ಯಾರ್ಥಿ ಅದನ್ನು ವರ್ಷಗಟ್ಟಲೆ ಕಲಿಯಬೇಕು.

ತಯಾರಿಗೆ ಎಂ.ಎ. ತನಕ ಕಾಯಬೇಕಾಗಿಲ್ಲ. ಈ ರಜೆಯಲ್ಲಿ ಮೊಬೈಲಿನಲ್ಲಿ ಅಜ್ಜಿಯ ಒಂದು ಹಾಡನ್ನು, ಅವರ ಒಪ್ಪಿಗೆ ಪಡೆದು, ಮುದ್ರಿಸಿಕೊಳ್ಳಲಿ. ಕೇಳಿದ್ದನ್ನು ಕೇಳಿದಂತೆಯೇ ಬರೆಯಲಿ. ಆಡುಮಾತನ್ನು ‘ಶುದ್ಧ’ಗೊಳಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ಅದೇ ಹಾಡನ್ನು ಪಕ್ಕದ ಮನೆಯವರು ಹೇಗೆ ಹಾಡುತ್ತಾರೆಂಬುದನ್ನೂ ಬರೆದಿಡಲಿ. ಹಾಳೆಯ ಮೇಲುಗಡೆ ದಿನಾಂಕ, ಊರು, ಹಾಡಿದವರ ವಯಸ್ಸು, ಯಾವ ಕೆಲಸದ ಹೊತ್ತಿನ ಹಾಡು, ಯಾರಿಂದ ಕಲಿತದ್ದು ಎಂಬುದಿರಲಿ. ಅಜ್ಜಿ ಯಾವ ಊರಿನಿಂದ ಸೊಸೆಯಾಗಿ ಬಂದರೆಂಬುದನ್ನು ಮರೆಯದೆ ಕೇಳಲಿ. ಹಾಡು ಬಂದದ್ದೂ ಅಲ್ಲಿಂದಲೇ ಇರಬಹುದು.