ನಕ್ಷೆಯಲ್ಲಿ ಉಳಿದ ಕೆರೆಸಾಲು

ಕೋಲಾರ ಸೀಮೆಯ ಹಳೆಯ ಸ್ಥಳಾಕೃತಿ ನಕ್ಷೆಯನ್ನು ಮೇಜಿನ ಮೇಲೆ ಹರಡಿದರೆ ಮೊದಲು ಕಣ್ಣಿಗೆ ಬೀಳುವುದು ಊರುಗಳಲ್ಲ, ಕೆರೆಗಳು. ಬ್ರಿಟಿಷರ ಕಾಲದಲ್ಲಿ ಸರ್ವೆ ಆಫ್ ಇಂಡಿಯಾ ಇವನ್ನು ಒಂದು ಮೈಲಿಗೆ ಒಂದಂಗುಲದ ಅಳತೆಯಲ್ಲಿ ಬರೆಯಿತು. ಕೋಲಾರ ಪಟ್ಟಣ 57-ಕೆ ಶ್ರೇಣಿಯ 4ನೇ ಹಾಳೆಗೆ ಸೇರುತ್ತದೆ.

ಈ ಶ್ರೇಣಿಯಲ್ಲಿ ಪಾಲಾರ್ ನದಿಯನ್ನು ಹುಡುಕುವುದು ಸುಲಭವಲ್ಲ. ಜಿಲ್ಲೆಯನ್ನು ಹಾದು ಆಂಧ್ರ, ತಮಿಳುನಾಡುಗಳತ್ತ ಹೋಗುವ ಈ ನದಿ ಒಂದು ಕೆರೆಯೊಳಗೆ ಹೊಕ್ಕು ಅದರ ಕೋಡಿಯಿಂದ ಹೊರಬಂದು ಮತ್ತೊಂದನ್ನು ಸೇರುತ್ತದೆ. ಬೇತಮಂಗಲದ ದೊಡ್ಡ ಕೆರೆಯೂ ಅದರ ಹಾದಿಯದೇ. ನದಿ ಎಲ್ಲಿ ಮುಗಿಯಿತು, ಕೆರೆ ಎಲ್ಲಿ ಆರಂಭವಾಯಿತು ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಇಲ್ಲ.

ಕೆರೆಯ ಆಕಾರವನ್ನು ನೋಡಿ. ಒಂದು ಅಂಚು ಹೆಚ್ಚುಕಡಿಮೆ ನೇರ; ಅದು ಏರಿ, ಮನುಷ್ಯ ಕಟ್ಟಿದ್ದು. ಉಳಿದ ಅಂಚು ನೆಲದ ಏರುತಗ್ಗನ್ನು ಹಿಂಬಾಲಿಸಿ ಅಂಕುಡೊಂಕಾಗಿದೆ. ವರ್ಷವಿಡೀ ನೀರಿರುವಲ್ಲಿ ನೀಲಿ ಬಣ್ಣ. ಬೇಸಿಗೆಗೆ ಬತ್ತುವ ಕೆರೆಗೆ ಬರಿಯ ಕಪ್ಪು ಗೆರೆ. ಕಪ್ಪು ಗೆರೆ ಕಂಡೊಡನೆ ಕೆರೆ ಹಾಳುಬಿದ್ದಿತ್ತೆಂದು ತಿಳಿಯುವವರಿದ್ದಾರೆ. ಅದು ತಪ್ಪು. ಮಳೆಗಾಲದಲ್ಲಿ ತುಂಬಿ, ಬೆಳೆಗೆ ನೀರುಣಿಸಿ, ಚೈತ್ರದ ಹೊತ್ತಿಗೆ ಒಣಗುವುದೇ ಇಂಥ ಕೆರೆಯ ಧರ್ಮ.

ಒಂದು ಕೆರೆಯಿಂದ ಮುಂದಿನದಕ್ಕೆ ಹೋಗುವ ಕೂದಲೆಳೆಯ ಗೆರೆಗಳೇ ನಕ್ಷೆಯ ನಿಜವಾದ ಆಸ್ತಿ. ಕೆರೆ ಮುಚ್ಚಿದರೆ ಊರು ಗದ್ದಲವೆಬ್ಬಿಸುತ್ತದೆ. ಕಾಲುವೆ ಹೊಲದೊಳಗೆ ಕರಗಿದರೆ ಯಾರೂ ಕೇಳುವುದಿಲ್ಲ. ಮೇಲಿನ ಕೆರೆ ಕೋಡಿ ಹರಿದಾಗಲೇ ಅದರ ನೆನಪಾಗುವುದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಜಿಲ್ಲೆಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಮುಂದಕ್ಕೆ ನರಸಾಪುರದಂಥ ಕೆರೆಗಳನ್ನು ತುಂಬಿಸಲು ನೆಚ್ಚಿಕೊಂಡದ್ದು ಹಿಂದಿನವರು ಹಾಕಿಕೊಟ್ಟ ಈ ಸರಣಿಯನ್ನೇ.

ಆದರೆ ಈ ಹಾಳೆಯೊಂದನ್ನೇ ಹಿಡಿದು ಒತ್ತುವರಿ ತೆರವಿಗೆ ಹೊರಡುವಂತಿಲ್ಲ. ಸಮೋನ್ನತಿ ರೇಖೆಗಳ ನಡುವೆ 50 ಅಡಿ ಅಂತರ. ಎರಡಡಿ ಇಳಿಜಾರಿನ ಕಾಲುವೆ ಅದರಲ್ಲಿ ಸಿಕ್ಕುವುದಿಲ್ಲ. ಕೆರೆಯ ಅಂಗಳ ಯಾವ ಸರ್ವೆ ನಂಬರಿನದು, ಎಷ್ಟು ಎಕರೆ, ಎಷ್ಟು ಗುಂಟೆ ಎಂಬುದಕ್ಕೆ ಕಂದಾಯದವರ ಗ್ರಾಮನಕ್ಷೆಯೇ ಬೇಕು. ಅದರಲ್ಲಾದರೋ ಪ್ರತಿ ಹಳ್ಳಿಗೂ ಒಂದು ಹಾಳೆ; ನೀರು ಗಡಿ ದಾಟಿ ಎಲ್ಲಿಗೆ ಹೋಯಿತೆಂದು ಅದು ಹೇಳುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಒಂದು ಮಳೆ ಬಿದ್ದ ಮೇಲೆ ಏರಿಯ ಕೆಳಗೆ ನಡೆದು ನೋಡಬೇಕು.